ಬಗ್ ಯಾವ ಫೈಲಿನಲ್ಲಿದೆ ಅಂತ ಮೊದಲೇ ಗೊತ್ತಾಗುತ್ತಾ?

ಕೇಳಿದ್ದು (ಶಿವಮೊಗ್ಗ): ನಾವು ನಾಲ್ವರು ಸೇರಿ ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. 300 ಫೈಲುಗಳಿವೆ. ಟೆಸ್ಟಿಂಗ್‌ಗೆ ವಾರದಲ್ಲಿ ಎರಡೇ ದಿನ. ಮೆಟ್ರಿಕ್ಸ್, ಅಂದರೆ ಕೋಡಿನ ಅಳತೆಗಳನ್ನು ನೋಡಿ ಬಗ್ (ಕೋಡಿನ ತಪ್ಪು) ಇರುವ ಜಾಗ ಊಹಿಸಬಹುದಾ? ಮಾಡಿ ನೋಡಿದವರು ಹೇಳಿ.

ಸಾಗರ: ಸೈಕ್ಲೋಮ್ಯಾಟಿಕ್ ಕಾಂಪ್ಲೆಕ್ಸಿಟಿಯಿಂದ ಶುರು ಮಾಡಿ. ಕೋಡಿನಲ್ಲಿ ಎಷ್ಟು ಕವಲುಗಳಿವೆ ಅಂತ ಹೇಳುವ, ಥಾಮಸ್ ಮೆಕೇಬ್ 1976ರಲ್ಲಿ ಕೊಟ್ಟ ಅಳತೆ. ಒಂದು ಫಂಕ್ಷನ್‌ನಲ್ಲಿರುವ (ಒಂದು ಕೆಲಸ ಮಾಡುವ ಕೋಡಿನ ತುಂಡು) ಇಫ್, ಲೂಪ್‌ಗಳನ್ನು ಎಣಿಸಿ ಒಂದು ಕೂಡಿಸಿ. 10 ದಾಟಿದರೆ ಒಡೆಯಿರಿ ಅಂತ ಅವರೇ ಹೇಳಿದ್ದರು.

ತೀರ್ಥಹಳ್ಳಿ: ನಾನೂ ಅಲ್ಲಿಂದಲೇ ಶುರು ಮಾಡಿ ಮೋಸ ಹೋದೆ. ಪಟ್ಟಿಯಲ್ಲಿ ಮೊದಲು ಬಂದದ್ದು 60 ಕೇಸುಗಳ ಒಂದು ಸ್ವಿಚ್, ಅಂದರೆ 60 ಕವಲಿನ ಆಯ್ಕೆ. ಮೂರು ವರ್ಷದಿಂದ ಅದರಲ್ಲಿ ಒಂದು ಬಗ್ಗೂ ಇಲ್ಲ, ಯಾಕೆಂದರೆ ಅದನ್ನು ಯಾರೂ ಮುಟ್ಟಿಯೇ ಇಲ್ಲ. ತೊಂದರೆ ಕೊಟ್ಟದ್ದು ಚೀಲದ ತೂಕ ಕಳೆಯುವ 80 ಸಾಲಿನ ಸಣ್ಣ ಫೈಲ್. ತಿಂಗಳು ತಿಂಗಳೂ ಯಾರಾದರೊಬ್ಬರು ತಿದ್ದುತ್ತಿದ್ದರು. ಗಿಟ್ ಲಾಗ್ (ಕೋಡ್ ಬದಲಾವಣೆಗಳ ದಾಖಲೆ) ತೆಗೆದು ಒಂದು ವರ್ಷದಲ್ಲಿ ಯಾವ ಫೈಲ್ ಎಷ್ಟು ಸಲ ಬದಲಾಗಿದೆ ಎಣಿಸಿ. ಬಗ್ ಸರಿಮಾಡಿದ ಕಮಿಟ್‌ಗಳನ್ನು (ಅದರಲ್ಲಿ ದಾಖಲಾದ ಒಂದೊಂದು ಬದಲಾವಣೆ) ಬೇರೆಯಾಗಿ ಎಣಿಸಿ. ಹೋದ ಮಳೆಗಾಲದಲ್ಲಿ ಕೊಳೆ ಬಂದ ಕಡೆಗೇ ಮೊದಲು ಔಷಧಿ ಹೊಡೆಸುತ್ತೇವೆ, ಅಲ್ವಾ? ಒಂದು ಮಾತು: ಎಷ್ಟು ಸಾಲು ಬದಲಾಯಿತು ಅನ್ನುವುದನ್ನು ಫೈಲಿನ ಗಾತ್ರದಿಂದ ಭಾಗಿಸಿ. ನಾಗಪ್ಪನ್ ಮತ್ತು ಬಾಲ್ ಅನ್ನುವ ಸಂಶೋಧಕರು 2005ರಲ್ಲಿ ವಿಂಡೋಸ್ ಸರ್ವರ್ 2003ರ ಕೋಡ್ ಮೇಲೆ ನೋಡಿದಾಗ, ಬರೀ ಬದಲಾವಣೆಯ ಮೊತ್ತಕ್ಕಿಂತ ಈ ಅನುಪಾತವೇ ಚೆನ್ನಾಗಿ ಊಹಿಸಿತ್ತು.

ಭದ್ರಾವತಿ: ಹಳೆಯ ಮಾಹಿತಿಯಿಂದ ಕಂಪ್ಯೂಟರೇ ಕಲಿತು ಊಹಿಸುವ ಮಷಿನ್ ಲರ್ನಿಂಗ್ ಆಸೆ ಸದ್ಯಕ್ಕೆ ಬೇಡ. ನನ್ನ ಕಾಲೇಜು ಪ್ರಾಜೆಕ್ಟ್‌ನಲ್ಲಿ ಅದರ ಊಹೆ 90% ಸರಿ ಬಂತು ಅಂತ ಕುಣಿದಾಡಿದ್ದೆ. 100 ಫೈಲಿನಲ್ಲಿ ಬಗ್ ಇದ್ದದ್ದು 10ರಲ್ಲಿ ಮಾತ್ರ. ಸುಮ್ನೆ ಕಣ್ಣುಮುಚ್ಚಿ ‘ಎಲ್ಲೂ ಬಗ್ ಇಲ್ಲ’ ಅಂದರೂ 90% ಬರುತ್ತದಲ್ಲ! ಪಟ್ಟಿಯ ಮೊದಲ 20 ಫೈಲಿನಲ್ಲಿ ನಿಜಕ್ಕೂ ಎಷ್ಟು ಬಗ್ ಸಿಕ್ಕಿತು, ಅದನ್ನು ನೋಡಿ. ದೊಡ್ಡ ಫೈಲಿನಲ್ಲಿ ಹೇಗೂ ಬಗ್ ಜಾಸ್ತಿ. ಸಾಲು ಎಣಿಸಿ ಮಾಡಿದ ಪಟ್ಟಿಗಿಂತ ನಿಮ್ಮ ಮೆಟ್ರಿಕ್ ಚೆನ್ನಾಗಿ ಹಿಡಿಯದಿದ್ದರೆ ಬಿಟ್ಟುಬಿಡಿ.

ಕೊಪ್ಪ: ಪಟ್ಟಿಯ ಪಕ್ಕದಲ್ಲಿ ಕೋಡ್ ಬರೆದವರ ಹೆಸರು ಹಾಕಲೇಬೇಡಿ. ನಾನು ಮೊದಲಿದ್ದ ಕಡೆ ಬರೆದರು. ಮುಂದಿನ ವಾರವೇ ಎಲ್ಲರೂ ಒಂದೊಂದು ಫಂಕ್ಷನ್ ಕತ್ತರಿಸಿ ಮೂರು ಮಾಡಿದರು. ಅಂಕಿ ಇಳಿಯಿತು, ಬಗ್ ಅಲ್ಲೇ ಇತ್ತು.

ಕೇಳಿದ್ದವರು: ರಾತ್ರಿ ಕೂತು ಗಿಟ್ ಲಾಗ್ ಎಣಿಸಿದೆ. ಮೊದಲು ಬಂದದ್ದು ಹಮಾಲಿ, ಕಮಿಷನ್ ಕಳೆಯುವ ಫೈಲ್. ಸಾಲಿನ ಲೆಕ್ಕದಲ್ಲಿ ಅದು 140ನೆಯದು. ನಾನೇ ಬರೆದದ್ದು. ಕೊಪ್ಪದವರ ಮಾತು ಕೇಳಿ ಹೆಸರು ಹಾಕಿಲ್ಲ.