ನವನಗರದ ಹೊಸ ಕ್ರೈಸ್ತ ಸಭೆ: ಮೂರು ವರ್ಷವಾದರೂ ಹದಿನಾಲ್ಕೇ ಜನ, ಮುಂದುವರಿಸೋದು ಹೇಗೆ?

ನವನಗರ ವಿಶ್ವಾಸಿ:
ಎಲ್ಲರಿಗೂ ವಂದನೆ. ಹುಬ್ಬಳ್ಳಿ ನವನಗರದಲ್ಲಿ ಬಾಡಿಗೆ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಆರಾಧನೆ ನಡೆಯುತ್ತದೆ. ಐದು ಕುಟುಂಬ, ಒಟ್ಟು 14 ಜನ. ಮೂರು ವರ್ಷದಿಂದ ಈ ಲೆಕ್ಕ ಕದಲಿಲ್ಲ. ಸುತ್ತ ಇರೋರು ಬ್ಯಾಂಕಿನವರು, ಕಾಲೇಜು ಉಪನ್ಯಾಸಕರು, ರೈಲ್ವೆ ನೌಕರರು. ವಿರೋಧ ಏನೂ ಇಲ್ಲ. ಕರೆದರೆ ಚಹಾ ಕೊಟ್ಟು, "ದೇವರು ದಿಂಡರು ಅಂದ್ರ ನಮಗ ಅಷ್ಟಕ್ಕಷ್ಟ ರೀ" ಅಂತಾರೆ. ಬಾಡಿಗೆ 9,000, ಕಾಣಿಕೆ ತಿಂಗಳಿಗೆ 14,000 ದಾಟಲ್ಲ. ಮುಚ್ಚಿ ಹಳೇ ಸಭೆಗೇ ಹೋಗೋಣ ಅಂತ ಇಬ್ಬರು ಹೇಳ್ತಿದ್ದಾರೆ. ಇದು ತಾಳ್ಮೆಯೋ ಹಟವೋ, ತಿಳಿಯೋದು ಹೇಗೆ?

ಧಾರವಾಡ ಹಿರಿಯ:
ಮೊದಲು ರೊಕ್ಕದ ಲೆಕ್ಕ ನೋಡ್ರಿ. 14,000ದಾಗ 9,000 ಜಾಗಕ್ಕ ಹೋದ್ರ, ಸಭಾಪಾಲಕರ (ಪಾಸ್ಟರ್) ಮನಿ ನಡಿಯೂದು ಹೆಂಗ? ಕಾಣಿಕೆಯ ಮೂರರಾಗ ಒಂದು ಪಾಲಿಗಿಂತ ಹೆಚ್ಚು ಬಾಡಿಗಿಗೆ ಹೋಗಬಾರದು. ಹಾಲ್ ಬಿಟ್ಟು ಒಬ್ಬರ ಮನಿಗೆ ಬರ್ರಿ. ಆದ್ರ ಐದೂ ಮನಿಗೆ ಪಾಳಿ ಹಚ್ಚಬ್ಯಾಡ್ರಿ. ಪಾಳಿ ಹಚ್ಚಿದ್ರ ಹೊಸಬರಿಗೆ ಈ ವಾರ ಎಲ್ಲಿ ಅನ್ನೂದ ತಿಳಿಯೂದಿಲ್ಲ, ಎರಡು ಸಲ ಬ್ಯಾರೆ ಬಾಗಿಲು ಬಡಿದು ಮೂರನೇ ಸಲ ಬರೂದಿಲ್ಲ.

ಹೊತ್ತೂ ಬದಲಿಸಿ ನೋಡ್ರಿ. ಭಾನುವಾರ ಮುಂಜಾನೆ ಅಂದ್ರ ಅರಿವಿ ಒಗಿಯೂದು, ಸಂತಿ, ಮ್ಯಾಲೆ ನಳದ ನೀರು. ನೀರು ಬಿಡೂ ದಿನ ನಮ್ಮ ಊರಾಗ ಯಾರೂ ಮನಿ ಬಿಡೂದಿಲ್ಲ. ಸಂಜಿ 5ಕ್ಕ ಇಟ್ರ ಅರ್ಧ ತೊಡಕು ಹೋಗತೈತಿ.

ಸಭಾಪಾಲಕರು ಉದ್ಯೋಗ ಮಾಡೂದು ಕಡಿಮಿ ಮಾತಲ್ಲ. ಬೈಬಲ್‌ನ್ಯಾಗ ಅಪೊಸ್ತಲ ಪೌಲ ಕೊರಿಂಥ ಪಟ್ಟಣದಾಗ ಗುಡಾರ ಮಾಡೂ ಕೆಲಸ ಮಾಡಿಕೊಂಡ ಒಂದೂವರಿ ವರ್ಷ ನಿಂತ (ಅಪೊಸ್ತಲರ ಕೃತ್ಯ 18). ಆದ್ರ ನೌಕರಿ ಜೋಡಿ ವಾರಕ್ಕ ಮೂರು ಪ್ರಸಂಗ ಹೊರಿಸಿದ್ರ ಎರಡನೇ ವರ್ಷಕ್ಕ ಮನುಷ್ಯಾ ಕುಸಿತಾನ. ವಾರಕ್ಕ ಒಂದ ಪ್ರಸಂಗ. ತಿಂಗಳಿಗೆ ಒಂದು ಭಾನುವಾರ ಬ್ಯಾರೆಯವರು ಮಾತಾಡ್ಲಿ, ಅವರು ಕುಂತು ಕೇಳಲಿ.

ಬೆಟಗೇರಿ ಓದುಗ:
ಆರಾಧನೆಗೆ ಕರೆಯೋದನ್ನ ಸದ್ಯ ನಿಲ್ಲಿಸಿ, ಓದೋಕೆ ಕರೆಯಿರಿ. ಮಾರ್ಕನ ಸುವಾರ್ತೆ 16 ಅಧ್ಯಾಯ, ವಾರಕ್ಕೊಂದರಂತೆ 16 ವಾರ. 45 ನಿಮಿಷಕ್ಕೆ ಮುಗಿಸಲೇಬೇಕು. ಕೇಳೋದು ಎರಡೇ ಪ್ರಶ್ನೆ: ಇಲ್ಲಿ ಏನು ನಡೀತು? ನಿಮಗೆ ಯಾವುದು ಒಪ್ಪಲಿಲ್ಲ? ಓದಿಕೊಂಡವರು ಎರಡನೇ ಪ್ರಶ್ನೆಗೇ ಬಾಯಿ ಬಿಡೋದು. ಆಗ ಉತ್ತರ ಹೇಳೋ ಆತುರ ಬೇಡ. ಈ ಕೂಟಗಳು ಕೆಡೋದು ಒಂದೇ ಕಡೆ: ನಡೆಸೋರೇ 35 ನಿಮಿಷ ಮಾತಾಡ್ತಾರೆ.

ಎಲ್ಲರ ಕೈಗೂ ಒಂದೊಂದು ಪ್ರತಿ ಕೊಡಿ, ಸರದಿಯಲ್ಲಿ ಗಟ್ಟಿಯಾಗಿ ಓದಲಿ. ಇಂಗ್ಲಿಷ್ ಮೀಡಿಯಂನಲ್ಲಿ ಕಲಿತ ಹುಡುಗರು ಹಳೇ ಸತ್ಯವೇದದ (ಕನ್ನಡ ಬೈಬಲ್) ಒತ್ತಕ್ಷರಕ್ಕೆ ತಡವರಿಸ್ತಾರೆ, ಕಿವಿ ಕೆಂಪಾಗ್ತದೆ, ಮುಂದಿನ ವಾರ ಕಾಣೋದಿಲ್ಲ. "ಬೇಡಾದವರು ಪಕ್ಕದವರಿಗೆ ದಾಟಿಸ್ರಿ" ಅಂತ ಮೊದಲೇ ಹೇಳಿಬಿಡಿ. ಓದು ಮುಗಿದ ಮೇಲೆ ಗಿರ್ಮಿಟ್, ಚಹಾ. ನಿಜವಾದ ಪ್ರಶ್ನೆ ಬರೋದು ಆಗಲೇ.

ಕಾಗದಪತ್ರ:
ಎರಡು ಮಾತು. ಮನೆಯಲ್ಲಿ ಸೇರೋದಾದರೆ, ಬಾಡಿಗೆ ಮನೆಯಾಗಿದ್ದರೆ, 11 ತಿಂಗಳ ಕರಾರಿನಲ್ಲೇ ವಾರದ ಪ್ರಾರ್ಥನಾ ಕೂಟದ ವಿಷಯ ಬರೆಸಿ. ಬರೆಸದಿದ್ದರೆ ಪಕ್ಕದ ಮನೆಯ ಒಂದು ದೂರಿಗೆ ಮಾಲೀಕರು ಖಾಲಿ ಮಾಡಿ ಅಂತಾರೆ. ಸ್ಪೀಕರ್ ಬೇಡವೇ ಬೇಡ, 14 ಜನಕ್ಕೆ ಗಂಟಲೇ ಸಾಕು. ಹಣ ಯಾರೊಬ್ಬರ ಸ್ವಂತ ಖಾತೆಯಲ್ಲಿ ಇರಬಾರದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಏಳು ಜನ ಸೇರಿದರೆ ಸಂಘ ಮಾಡಬಹುದು.

ಇನ್ನೊಂದು, ಉಚಿತ ಟ್ಯೂಷನ್, ಕಿಟ್ ಇವನ್ನ ಆರಾಧನೆಗೆ ಗಂಟು ಹಾಕಬೇಡಿ. ಕರ್ನಾಟಕದ 2022ರ ಮತಾಂತರ ತಡೆ ಕಾಯ್ದೆ ಉಡುಗೊರೆ, ಹಣ, ನೌಕರಿಯನ್ನ ಆಮಿಷದ ಪಟ್ಟಿಗೆ ಸೇರಿಸಿತು, ಮತಾಂತರಕ್ಕೆ 30 ದಿನ ಮೊದಲು ಜಿಲ್ಲಾಧಿಕಾರಿಗೆ ಘೋಷಣೆ ಕೊಡಬೇಕೆಂದೂ ಹೇಳಿತು. ಯಾರಾದರೂ ದೀಕ್ಷಾಸ್ನಾನ (ಕ್ರೈಸ್ತರಾಗುವ ನೀರಿನ ಸಂಸ್ಕಾರ) ಕೇಳಿದರೆ ದಿನ ಗೊತ್ತುಮಾಡುವ ಮುಂಚೆ ಹೈಕೋರ್ಟ್ ಧಾರವಾಡ ಪೀಠದ ವಕೀಲರನ್ನ ಕಾಣಿರಿ. ಕಾನೂನಿಗಿಂತ ದೊಡ್ಡ ಕಾರಣವೂ ಇದೆ: ಅಕ್ಕಿ ನೋಡಿ ಬಂದವರು ಅಕ್ಕಿ ನಿಂತ ದಿನ ಹೋಗ್ತಾರೆ.

ನವನಗರ ವಿಶ್ವಾಸಿ:
ತುಂಬ ಉಪಕಾರ. ಹಟ ಯಾವುದು ಅನ್ನೋದು ಮಾತ್ರ ಇನ್ನೂ ಬಿಡಿಸಲಿಲ್ಲ.

ಧಾರವಾಡ ಹಿರಿಯ:
ಒಂದು ನೋಟ್‌ಬುಕ್ ತೆಗೀರಿ. ಮೂರು ವರ್ಷದಾಗ ಯಾರು ಬಂದ್ರು, ಯಾರು ಹೋದ್ರು, ಎಲ್ಲಿಗೆ ಹೋದ್ರು ಬರೀರಿ. ಬ್ಯಾಂಕು, ರೈಲ್ವೆ ಮಂದಿ ವರ್ಗ ಆಗಿ ಹೋಗೂದ ಐತಿ, ಹುಡುಗ್ರು ಬೆಂಗಳೂರು, ಪುಣೆ ಅಂತ ಹೋಗ್ತಾರ. ಆರು ಜನ ಹೋಗಿ ಆರು ಜನ ಬಂದು 14 ಉಳಿದಿದ್ರ ನಿಮ್ಮ ಸಭೆ ನಿಂತಿಲ್ಲ, ಹರಿಯಾಕ ಹತ್ತೈತಿ. ಹೋದವರಿಗೆ ಆ ಊರಿನ ಸಭೆಗೆ ಪತ್ರ ಕೊಟ್ಟು ಕಳಿಸ್ರಿ, ಅದೂ ನಿಮ್ಮ ಕೆಲಸದ ಫಲನ.

ಅದೇ 14 ಮುಖ ಇದ್ರ, ಫೋನ್ ಮಾಡದ ಹೋಗಿ ಕುಂದರೂವಂಥ ಹೊರಗಿನವರ ಮನಿ ಎಷ್ಟು ಅದಾವ ಎಣಿಸ್ರಿ. ನಾಲ್ಕು ಇದ್ರ ಮುಂದುವರಿಸ್ರಿ. ಒಂದೂ ಇಲ್ಲಂದ್ರ ರೀತಿ ಬದಲಿಸಿ ಇನ್ನ ಒಂದೂವರಿ ವರ್ಷ ಕೊಡ್ರಿ. ರೀತಿ ಬದಲಿಸಾಕ ಒಪ್ಪದ ಅದನ್ನ ಎಳಿಯೂದಕ್ಕ ಹಟ ಅಂತಾರ. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮಿಷನ್ ಅನ್ನೂ ಕ್ರೈಸ್ತ ಸಂಸ್ಥೆಯವರು 1837ಕ್ಕ ಧಾರವಾಡಕ್ಕ, 1839ಕ್ಕ ಹುಬ್ಬಳ್ಳಿಗೆ, 1841ಕ್ಕ ಬೆಟಗೇರಿಗೆ ಬಂದವರು. ಅವರೂ ಮೊದಲು ಕನ್ನಡ ಕಲಿತು ಸಾಲಿ ತೆಗೆದು ಕುಂತ್ರು. ಆ ಇಬ್ಬರು ಮುಚ್ಚೂಣು ಅನ್ನಾಕ ಹತ್ಯಾರಲ್ಲ, ಅವರನ್ನ ಬಿಟ್ಟು ಲೆಕ್ಕ ಮಾಡಬ್ಯಾಡ್ರಿ. ನೋಟ್‌ಬುಕ್ ಅವರ ಕೈಯಾಗ ಕೊಡ್ರಿ.