ನರಸಾಪುರದಲ್ಲೇ ಐಫೋನ್ ಮಾಡ್ತಾರೆ, ಆದ್ರೂ ನಮಗ್ಯಾಕೆ ಅಮೆರಿಕಕ್ಕಿಂತ ಜಾಸ್ತಿ ರೇಟು?

ಮಾಲೂರು_ಮಂಜು:
ಎಲ್ರಿಗೂ ನಮಸ್ಕಾರ. ನಮ್ದು ಮಾಲೂರು ತಾಲೂಕು. ದಿನಾ ಬೆಳಗ್ಗೆ ಬೆಳಕು ಹರಿಯೋ ಮುಂಚೆ ನಮ್ಮೂರ ಗೇಟ್ ಹತ್ರ ಕಂಪನಿ ಬಸ್ಸು ಬಂದು ನಿಲ್ಲುತ್ತೆ, ನಮ್ಮ ಚಿಕ್ಕಪ್ಪನ ಮಗಳೂ ಸೇರಿ ಹತ್ತಿಪ್ಪತ್ತು ಹೆಣ್ಮಕ್ಕಳು ನರಸಾಪುರಕ್ಕೆ ಹೋಗ್ತಾರೆ, ಅಲ್ಲಿ ಮಾಡೋದು ಐಫೋನು. ನಾನು ಮದುವೆ ಫೋಟೋ ವಿಡಿಯೋ ಕೆಲಸ ಮಾಡೋನು, ಈಗ ಎಲ್ರೂ ಅವತ್ತಿನ ರೀಲ್ಸ್ ಅವತ್ತೇ ಬೇಕು ಅಂತಾರೆ, ಅದಕ್ಕೆ 17 ಪ್ರೊ ತಗೊಳ್ಳೋಣ ಅಂತ ನೋಡಿದ್ರೆ 1,34,900 ರೂಪಾಯಿ. ನಮ್ಮ ಭಾವ ಡಲ್ಲಾಸ್‌ನಲ್ಲಿದ್ದಾರೆ, ಅಲ್ಲಿ ಇದೇ ಫೋನು 1,099 ಡಾಲರ್ ಅಂತೆ. ಫೋನ್ ಬಿಡುಗಡೆ ಆದಾಗಿನ 88 ರೂಪಾಯಿ ಡಾಲರ್ ಲೆಕ್ಕ ಹಾಕಿದ್ರೂ 97 ಸಾವಿರ ಮುಟ್ಟಲ್ಲ. ಅಲ್ಲಿಗೆ ಹೋಗೋ ಫೋನೂ ಈಗ ಇಂಡಿಯಾದಿಂದಾನೇ ಜಾಸ್ತಿ ಹೋಗ್ತಿದೆ ಅಂತ ಪೇಪರಲ್ಲಿ ಓದ್ದೆ. ಹಾಗಿದ್ರೆ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಇರೋ ನನಗೆ 38 ಸಾವಿರ ಜಾಸ್ತಿ, ಸಮುದ್ರ ದಾಟಿ ಹೋದ್ರೆ ಕಡಿಮೆ, ಇದು ಹೇಗೆ? ಈ ದುಡ್ಡು ಯಾರ ಜೇಬಿಗೆ ಹೋಗುತ್ತೆ, ಸರ್ಕಾರಕ್ಕಾ ಕಂಪನಿಗಾ? ಗೊತ್ತಿರೋರು ಬಿಡಿಸಿ ಹೇಳಿ. ಭಾವನ ಕೈಲಿ ತರಿಸೋದಾ ಇಲ್ಲೇ ತಗೊಳ್ಳೋದಾ ಅನ್ನೋದೂ ಹೇಳಿ.

ತೆರಿಗೆ_ಲೆಕ್ಕ_ತುಮಕೂರು:
ಮಂಜು, ಮೊದಲು ಲೆಕ್ಕ ಸರಿ ಮಾಡ್ಕೊಳ್ಳೋಣ. ನಮ್ಮಲ್ಲಿ ಡಬ್ಬಿ ಮೇಲಿನ ರೇಟಲ್ಲಿ ಜಿಎಸ್‌ಟಿ ಸೇರಿರುತ್ತೆ, ಅಮೆರಿಕದಲ್ಲಿ ಟ್ಯಾಕ್ಸ್ ಸೇರಿಸದೆ ಹಾಕ್ತಾರೆ. ಡಲ್ಲಾಸ್‌ನಲ್ಲಿ ಸೇಲ್ಸ್ ಟ್ಯಾಕ್ಸ್ 8.25%, ಬಿಲ್ ಹಾಕಿಸೋ ಹೊತ್ತಿಗೆ ನಿಮ್ಮ ಭಾವ ಸುಮಾರು 1,190 ಡಾಲರ್ ಕೊಟ್ಟಿರ್ತಾರೆ, ಅಂದ್ರೆ ಒಂದು ಲಕ್ಷದ ನಾಲ್ಕೂವರೆ ಸಾವಿರದ ಹತ್ರ. ಇಲ್ಲಿ 1,34,900ರಲ್ಲಿ 18% ಜಿಎಸ್‌ಟಿ ಬಿಡಿಸಿದ್ರೆ ಫೋನಿನ ಬೆಲೆ 1,14,322, ತೆರಿಗೆ 20,578. ಅಂದ್ರೆ ನೀವು ಹೇಳಿದ 38 ಸಾವಿರದಲ್ಲಿ ಅರ್ಧಕ್ಕಿಂತ ಜಾಸ್ತಿ ನೇರವಾಗಿ ಜಿಎಸ್‌ಟಿ, ಇದು ಕೇಂದ್ರಕ್ಕೂ ರಾಜ್ಯಕ್ಕೂ ಅರ್ಧ ಅರ್ಧ ಹೋಗುತ್ತೆ. ಎಕ್ಸ್‌ಪೋರ್ಟ್ ಆಗೋ ಫೋನಿಗೆ ನಮ್ಮ ಜಿಎಸ್‌ಟಿ ತಾಗಲ್ಲ. ಅದೇ ಫ್ಯಾಕ್ಟರಿ ಅದೇ ಫೋನು, ಗೇಟ್ ದಾಟಿ ಏರ್‌ಪೋರ್ಟ್ ಕಡೆ ಹೋದ್ರೆ ತೆರಿಗೆ ಇಲ್ಲ, ಮಾಲೂರ ಕಡೆ ತಿರುಗಿದ್ರೆ ಇದೆ.

ಇನ್ನೊಂದು ಮಾತು, ಫೋನಿಗೆ ಜಿಎಸ್‌ಟಿ 12% ಇತ್ತು. 2020ರ ಏಪ್ರಿಲ್ 1ರಿಂದ 18 ಮಾಡಿದ್ರು. ಬಿಡಿಭಾಗಕ್ಕೆ 18 ಫೋನಿಗೆ 12 ಇದ್ದಿದ್ರಿಂದ ತಯಾರಕರು ಬಿಡಿಭಾಗಕ್ಕೆ ಜಾಸ್ತಿ ಕಟ್ಟಿದ ತೆರಿಗೆಯ ರೀಫಂಡ್ ಸಿಕ್ಕಿಹಾಕ್ಕೊಳ್ತಿದೆ ಅನ್ನೋದು ಕಾರಣ. ಬಿಡಿಭಾಗದ್ದು 12ಕ್ಕೆ ಇಳಿಸಿದ್ರೂ ಆ ತೊಂದರೆ ತೀರ್ತಿತ್ತು, ಇಳಿಸಲಿಲ್ಲ, ಫೋನಿಂದು ಏರಿಸಿದ್ರು. ಹೋದ ವರ್ಷ, ಅಂದ್ರೆ 2025ರ ಸೆಪ್ಟೆಂಬರ್ 22ಕ್ಕೆ ದೊಡ್ಡ ಟಿವಿ, ಏಸಿ ಎಲ್ಲ 28ರಿಂದ 18ಕ್ಕೆ ಇಳೀತಲ್ಲ, ಆಗ್ಲೂ ಫೋನ್ 18ರಲ್ಲೇ ಉಳೀತು. ಫೋನ್ ಇಲ್ದೆ ರೇಷನ್ನಿನ ಒಟಿಪಿನೂ ಬರಲ್ಲ ಈ ಕಾಲದಲ್ಲಿ, ಅದನ್ನ ಏಸಿ ಸಾಲಲ್ಲಿ ಕೂರಿಸಿದ್ದು ನನಗಂತೂ ಸರಿ ಕಾಣಲ್ಲ.

ಕಾರ್ಗೋ_ಕೆಲಸಗಾರ:
ಮೇಲಿನ ಸಾರ್ ಹೇಳಿದ್ದು ಕರೆಕ್ಟ್, ಉಳಿದ 17,600 ಚಿಲ್ಲರೆಗೆ ನಾನು ಹೇಳ್ತೀನಿ, ಏಳೆಂಟು ವರ್ಷ ಕ್ಲಿಯರಿಂಗ್ ಏಜೆಂಟ್ ಆಫೀಸಲ್ಲಿ ಕೆಲಸ ಮಾಡಿದೀನಿ. ಹೊರಗಿಂದ ಬರೋ ಫೋನಿಗೆ 2017ರ ಜುಲೈ ತನಕ ಕಸ್ಟಮ್ಸ್ ಡ್ಯೂಟಿ ಸೊನ್ನೆ ಇತ್ತು. ಆಮೇಲೆ 10, ಅದೇ ಡಿಸೆಂಬರ್‌ಗೆ 15, 2018ರ ಬಜೆಟ್‌ಗೆ 20. ಆ ಡ್ಯೂಟಿ ಮೊತ್ತದ ಹತ್ತು ಪರ್ಸೆಂಟ್ ಸರ್‌ಚಾರ್ಜ್ ಸೇರಿ 22. 2024ರ ಜುಲೈ ಬಜೆಟಲ್ಲಿ 15ಕ್ಕೆ ಇಳಿಸಿದ್ರು, ಸರ್‌ಚಾರ್ಜ್ ಸೇರಿ 16.5.

ಆಗ ಏನಾಯ್ತು ನೋಡಿ. ಡ್ಯೂಟಿ ಇಳಿದ ಮೂರ್ನಾಲ್ಕು ದಿನಕ್ಕೇ ಆ್ಯಪಲ್ 15 ಪ್ರೊ ರೇಟನ್ನ 1,34,900ರಿಂದ 1,29,800ಕ್ಕೆ ಇಳಿಸ್ತು, 5,100 ಕಡಿಮೆ. ಅದೇ ಮಾಮೂಲಿ 15ಕ್ಕೆ ಇಳಿದಿದ್ದು ಬರೀ 300 ರೂಪಾಯಿ. ಯಾಕೆ ಅಂದ್ರೆ ಮಾಮೂಲಿ 15 ಆಗ್ಲೇ ಇಲ್ಲಿ ಜೋಡಿಸ್ತಿದ್ರು, ಪ್ರೊ ಹೊರಗಿಂದ ಬರ್ತಿತ್ತು. ಡ್ಯೂಟಿ ನೇರವಾಗಿ ಗ್ರಾಹಕನ ಬಿಲ್ಲಿಗೆ ಹೇಗೆ ಬಂದು ಕೂರುತ್ತೆ ಅನ್ನೋದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ನಾನು ಬೇರೆ ನೋಡಿಲ್ಲ.

ಈಗ ಪ್ರೊನೂ ಇಲ್ಲೇ ಮಾಡ್ತಾರೆ, ಡ್ಯೂಟಿ ಕಟ್ಟೋ ಪ್ರಶ್ನೆನೇ ಇಲ್ಲ (ಬಿಡಿಭಾಗಕ್ಕೆ ಒಂದಿಷ್ಟು ಇದೆ ಅಷ್ಟೆ), ಆದ್ರೂ ರೇಟು ಡ್ಯೂಟಿ ಕಟ್ಟಿ ತಂದ ಫೋನಿನ ಹಾಗೇ ಇದೆ. ಇದೇ ನಿಜವಾದ ವಿಷಯ ಮಂಜು. ಡ್ಯೂಟಿ ಅನ್ನೋ ಬೇಲಿ ಹಾಕಿದ ಮೇಲೆ ಬೇಲಿ ಒಳಗೆ ಮಾರೋನು ಬೇಲಿ ಎತ್ತರದ ತನಕ ರೇಟು ಇಟ್ಕೋಬಹುದು, ಕೇಳೋರಿಲ್ಲ.

ನನ್ನ ಮಾತು ನಂಬಿಕೆ ಆಗ್ಲಿಲ್ಲ ಅಂದ್ರೆ ಲ್ಯಾಪ್‌ಟಾಪ್ ನೋಡಿ. ಲ್ಯಾಪ್‌ಟಾಪ್‌ಗೆ ಡ್ಯೂಟಿ ಸೊನ್ನೆ, ಐಟಿ ಸಾಮಾನಿಗೆ ಡ್ಯೂಟಿ ಹಾಕಲ್ಲ ಅನ್ನೋ ಹಳೇ ಐಟಿಎ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ತೊಂಬತ್ತರ ದಶಕದಲ್ಲೇ ನಾವು ಸೇರಿದ್ವಿ. 2025ರ ಮಾರ್ಚ್‌ನಲ್ಲಿ ಬಂದ ಎಂ4 ಮ್ಯಾಕ್‌ಬುಕ್ ಏರ್ ಅಮೆರಿಕದಲ್ಲಿ 999 ಡಾಲರ್, ಇಲ್ಲಿ 99,900. ಜಿಎಸ್‌ಟಿ ಬಿಡಿಸಿದ್ರೆ 84,661, ಆಗಿನ ಡಾಲರ್ ರೇಟಲ್ಲಿ ಅಮೆರಿಕದ ಬೆಲೆಗಿಂತ ಕಡಿಮೆನೇ. ಹೊರಗಿಂದ ಬರೋದು ಅಗ್ಗ, ಪಕ್ಕದೂರಲ್ಲಿ ಮಾಡಿದ್ದು ದುಬಾರಿ. ಫೋನಿಗೆ ಹಾಕಿರೋ ಡ್ಯೂಟಿ ತಪ್ಪು ಅಂತ 2023ರ ಏಪ್ರಿಲ್‌ನಲ್ಲಿ ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಪ್ಯಾನೆಲ್ಲೇ ಹೇಳ್ತು, ಯುರೋಪ್, ಜಪಾನ್, ತೈವಾನ್ ಕೇಸ್ ಹಾಕಿದ್ವು. ನಮ್ಮೋರು ಅಪೀಲು ಹೋದ್ರು, ಅಲ್ಲಿ ಅಪೀಲು ಕೇಳೋ ಪೀಠದಲ್ಲಿ ಜಡ್ಜ್‌ಗಳೇ ಇಲ್ಲ, ಹಂಗಾಗಿ ಅದು ಅಲ್ಲೇ ನಿಂತಿದೆ.

ತೆರಿಗೆ_ಲೆಕ್ಕ_ತುಮಕೂರು:
@ಕಾರ್ಗೋ_ಕೆಲಸಗಾರ ಒಂದು ತಕರಾರು. ಪೂರ್ತಿ ಬೇಲಿದೇ ಕಾರಣ ಅನ್ನೋದಾದ್ರೆ ಮಾಮೂಲಿ 17 ನೋಡಿ, 82,900. ಜಿಎಸ್‌ಟಿ ಬಿಡಿಸಿದ್ರೆ 70,254. ಅಮೆರಿಕದಲ್ಲಿ 799 ಡಾಲರ್, 88ರಂತೆ 70,312. ಹೆಚ್ಚು ಕಡಿಮೆ ಒಂದೇ. ಬೇಲಿ ಇದಕ್ಕೂ ಇದೆ ಅಲ್ವಾ?

ಕಾರ್ಗೋ_ಕೆಲಸಗಾರ:
ಸಾರ್ ಒಪ್ಪಿದೆ, ಒಳ್ಳೆ ಪಾಯಿಂಟು. ಮಾಮೂಲಿ ಮಾಡೆಲ್‌ಗೆ ಇಲ್ಲಿ ಆಂಡ್ರಾಯ್ಡ್ ಕಂಪನಿಗಳ ಪೈಪೋಟಿ ಜೋರು, ಜನ ಇಎಂಐ ಹಾಕಿ ತಗೊಳ್ಳೋದೂ ಅದನ್ನೇ, ಅಲ್ಲಿ ಬೇಲಿ ತನಕ ಏರಿಸಿದ್ರೆ ಮಾರಾಟ ಬೀಳುತ್ತೆ. ಪ್ರೊ ತಗೊಳ್ಳೋರು ಹೇಗಿದ್ರೂ ತಗೊಳ್ತಾರೆ ಅನ್ನೋ ಲೆಕ್ಕ ಇರ್ಬೇಕು. ಬೇಲಿ ಅವಕಾಶ ಕೊಡುತ್ತೆ, ಎಷ್ಟು ಬಳಸ್ಕೋಬೇಕು ಅಂತ ಕಂಪನಿ ತೀರ್ಮಾನ ಮಾಡುತ್ತೆ ಅಂತ ನನ್ನ ಮಾತು ತಿದ್ಕೋತೀನಿ.

ಸ್ಯಾನ್_ಹೊಸೆ_ಕನ್ನಡತಿ:
ಅಮೆರಿಕದ ಕಡೆಯಿಂದ ನಾನು ನೋಡಿದ್ದು ಹೇಳ್ತೀನಿ. ಇಲ್ಲಿಗೆ ಇಂಡಿಯಾ ಫೋನ್ ಇಷ್ಟು ಜಾಸ್ತಿ ಬರೋಕೆ ಶುರುವಾಗಿದ್ದು ಅಗ್ಗ ಅಂತಲ್ಲ, ಟ್ರಂಪ್ ಸುಂಕದಿಂದ. 2025ರ ಏಪ್ರಿಲ್‌ನಲ್ಲಿ ಚೀನಾ ಮೇಲಿನ ಸುಂಕ ಏರ್ತಾ ಏರ್ತಾ 145%ಗೆ ಹೋಯ್ತು, ಇಂಡಿಯಾಗೆ 26 ಅಂತ ಹೇಳಿ ತಡೆಹಿಡಿದ್ರು. ಆ ವಾರ ಇಲ್ಲಿ ಜನ ಫೋನ್ ರೇಟು ಏರುತ್ತೆ ಅಂತ ಹೆದರಿ ಆ್ಯಪಲ್ ಅಂಗಡಿಗೆ ನುಗ್ಗಿದ್ರು, ನನ್ನ ಆಫೀಸಲ್ಲೇ ಮೂರ್ನಾಲ್ಕು ಜನ ಹೊಸಾ ಫೋನ್ ಹಿಡ್ಕೊಂಡು ಬಂದ್ರು, ಹಳೇದು ಚೆನ್ನಾಗೇ ಇತ್ತು. ಏಪ್ರಿಲ್ 11ರ ರಾತ್ರಿ ಸ್ಮಾರ್ಟ್‌ಫೋನಿಗೆ ಆ ಸುಂಕದಿಂದ ವಿನಾಯಿತಿ ಅಂತ ಬಂತು. ಆದ್ರೂ ಚೀನಾದ ಮೇಲೆ ಅದಕ್ಕೂ ಮುಂಚೆ ಹಾಕಿದ್ದ 20% ಉಳೀತು, ಇಂಡಿಯಾ ಫೋನಿಗೆ ಅದಿರಲಿಲ್ಲ. ಅಷ್ಟೇ ವ್ಯತ್ಯಾಸಕ್ಕೆ ಮೇ ತಿಂಗಳಲ್ಲಿ ಆ್ಯಪಲ್‌ನ ಟಿಮ್ ಕುಕ್, ಜೂನ್ ತ್ರೈಮಾಸಿಕದಲ್ಲಿ ಅಮೆರಿಕದಲ್ಲಿ ಮಾರೋ ಐಫೋನಲ್ಲಿ ಹೆಚ್ಚಿನವು ಇಂಡಿಯಾದವೇ ಅಂದ್ರು. ಆ ತ್ರೈಮಾಸಿಕದಲ್ಲಿ ಕಂಪನಿಗೆ ಸುಂಕದ ಖರ್ಚೇ ಸುಮಾರು 80 ಕೋಟಿ ಡಾಲರ್. ಅದನ್ನ ಕಂಪನಿ ತಾನೇ ನುಂಗ್ತು, ಮಾಮೂಲಿ 17ಕ್ಕೆ ಹಿಂದಿನ 799ನ್ನೇ ಇಟ್ರು, ಪ್ರೊಗೆ ಮಾತ್ರ 100 ಡಾಲರ್ ಏರಿಸಿ ಸ್ಟೋರೇಜ್ ಡಬಲ್ ಮಾಡಿದ್ರು.

ಇಂಡಿಯಾದಲ್ಲಿ ಮಾಡ್ಬೇಡಿ ಅಂತ ಟ್ರಂಪ್ ದೋಹಾದಲ್ಲಿ ಓಪನ್ನಾಗೇ ಹೇಳಿದ್ರು, ಅಮೆರಿಕದಲ್ಲಿ ಮಾಡದಿದ್ರೆ 25% ಹಾಕ್ತೀನಿ ಅಂತನೂ ಹೆದರಿಸಿದ್ರು. ಆಗಸ್ಟ್‌ನಲ್ಲಿ ಇಂಡಿಯಾ ಸಾಮಾನಿನ ಮೇಲೆ 50% ಬಿತ್ತಲ್ಲ, ಆಗ ತಿರುಪ್ಪೂರಿನ ಬಟ್ಟೆ, ಆಂಧ್ರದ ಸೀಗಡಿ ಎಲ್ಲ ಸಿಕ್ಕಿಹಾಕ್ಕೊಂಡ್ವು, ಫೋನ್ ತಪ್ಪಿಸ್ಕೊಂತು. ದೊಡ್ಡ ಕಂಪನಿಗೆ ವೈಟ್‌ಹೌಸ್ ಬಾಗಿಲು ತಟ್ಟೋ ಶಕ್ತಿ ಇದೆ, ಸೀಗಡಿ ಸಾಕೋನಿಗೆ ಇಲ್ಲ. ಇದನ್ನ ನೆನೆಸ್ಕೊಂಡ್ರೆ ಬೇಜಾರಾಗುತ್ತೆ.

ಮಂಜು, ತರಿಸೋ ವಿಷಯಕ್ಕೆ: ಇಲ್ಲಿನ ಐಫೋನಲ್ಲಿ 14ರಿಂದ ಸಿಮ್ ಹಾಕೋ ಜಾಗನೇ ಇಲ್ಲ, ಬರೀ ಇ-ಸಿಮ್. ಮದುವೆ ಮನೆಯಲ್ಲಿ ಇನ್ನೊಂದು ಸಿಮ್ ಹಾಕ್ಕೊಳ್ಳೋ ಅಭ್ಯಾಸ ಇದ್ರೆ ಕಷ್ಟ ಆಗುತ್ತೆ.

ಹುಬ್ಬಳ್ಳಿ_ಮೊಬೈಲ್_ರಿಪೇರಿ:
ನಾ ಹುಬ್ಬಳ್ಳಿಯೊಳಗ ರಿಪೇರಿ ಅಂಗಡಿ ಇಟ್ಟೀನ್ರಿ. ಎಲ್ಲಾರೂ ಬರೇ ಡ್ಯೂಟಿ, ಸುಂಕ ಅಂತ ಮಾತಾಡಾಕತ್ತೀರಿ, ಕಾಯ್ದೆದಿಂದ ಗಿರಾಕಿಗೆ ಲಾಭ ಆಗಿದ್ದೂ ಐತಿ, ಅದನ್ನೂ ಹೇಳ್ಬೇಕ್ರಿ. ಐಫೋನ್ 5 ಬಂದಾಗಿಂದ, ಅಂದ್ರ 2012ರಿಂದ, ಲೈಟ್ನಿಂಗ್ ವೈರು. ಒಂದ ಮನ್ಯಾಗ ಗಂಡಂದು ಒಂದು ಚಾರ್ಜರ್, ಹೆಂಡ್ತಿದು ಒಂದು. ಡೂಪ್ಲಿಕೇಟ್ ವೈರ್ ಹಾಕಿ ಚಾರ್ಜಿಂಗ್ ಪಿನ್ ಸುಟ್ಕೊಂಡ್ ಬಂದ ಫೋನು ಲೆಕ್ಕ ಇಲ್ಲ ನನ್ನ ಕಡೆ. ಯುರೋಪಿನವ್ರು 2022ರಾಗ ಕಾಯ್ದೆ ಮಾಡಿ, 2024ರ ಡಿಸೆಂಬರ್ 28ರೊಳಗ ಎಲ್ಲಾ ಫೋನಿಗೂ ಟೈಪ್-ಸಿ ಇರಬೇಕು ಅಂದ್ರು. 2023ರಾಗ ಐಫೋನ್ 15 ಟೈಪ್-ಸಿ ಹಾಕ್ಕೊಂಡ ಬಂತು, ಹುಬ್ಬಳ್ಳಿಗೂ ಅದ ಬಂತು. ಯುರೋಪಿನ್ಯಾಗ ಸಹಿ ಹಾಕಿದ್ದು ದುರ್ಗದಬೈಲಿನ ಅಂಗಡಿಗೆ ಮುಟ್ಟೇತಿ ನೋಡ್ರಿ.

ನಮ್ಮ ಸಿಸಿಐ, ಅಂದ್ರ ಕಂಪನಿಗಳ ಪೈಪೋಟಿ ಮ್ಯಾಲ ಕಣ್ಣಿಡೋ ಸ್ಪರ್ಧಾ ಆಯೋಗನೂ ಸುಮ್ಮನ ಕುಂತಿಲ್ಲ. 2022ರ ಅಕ್ಟೋಬರ್‌ದಾಗ ಗೂಗಲ್‌ಗೆ 1,337.76 ಕೋಟಿ ದಂಡ ಹಾಕಿದ್ರು, ಆಂಡ್ರಾಯ್ಡ್ ಫೋನಿನ್ಯಾಗ ತನ್ನ ಆ್ಯಪ್ ಎಲ್ಲಾ ಗಂಟು ಕಟ್ಟಿ ತುರುಕ್ತಾರ ಅಂತ. ಸುಪ್ರೀಂ ಕೋರ್ಟ್ ತಡೆ ಕೊಡಾಕ ಒಪ್ಪಲಿಲ್ಲ, 2023ರ ಜನವರಿಗೆ ಗೂಗಲ್ ನಿಯಮ ಬದಲ ಮಾಡ್ಬೇಕಾತು, ಹೊಸಾ ಫೋನ್ ಚಾಲು ಮಾಡುವಾಗ ಯಾವ ಸರ್ಚ್ ಬೇಕು ಅಂತ ಕೇಳೂದು ಹಂಗ ಬಂದದ್ದು. ಆದ್ರ ಖರೇ ಹೇಳ್ಬೇಕಂದ್ರ ಗಿರಾಕಿ ಒಬ್ಬರೂ ಅದನ್ನ ಬದಲ್ ಮಾಡಿದ್ದು ನಾ ನೋಡಿಲ್ಲ. ನಮಗ ಬೇಕಾಗಿದ್ದು ಅಸಲಿ ಡಿಸ್ಪ್ಲೇ, ಬ್ಯಾಟರಿ ಸಣ್ಣ ಅಂಗಡಿಗೂ ಸಿಗೂ ಹಂಗ ಒಂದು ಕಾಯ್ದೆ. ಹೊಸಾ ಫೋನ್ 82 ಸಾವಿರ ಇದ್ದಾಗ ಮಂದಿ ಹಳೇದನ್ನ ನಾಕು ವರ್ಷ ಓಡಸ್ತಾರ್ರಿ, ಅವರ ಹೊಟ್ಟಿಗೆ ತಾಗೂದು ಅದು.

ಬಂಗಾರಪೇಟೆ_ಮೇಷ್ಟ್ರು:
ಕಾರ್ಗೋ ಅವರೇ, ಡ್ಯೂಟಿ ಬೇಲಿ ಅಂತ ಬೈದ್ರಿ, ಆ ಬೇಲಿ ಇಲ್ದಿದ್ರೆ ಮಂಜು ಊರ ಗೇಟಿಗೆ ಆ ಬಸ್ಸು ಬರ್ತಿರಲಿಲ್ಲ ಅನ್ನೋದನ್ನೂ ಹೇಳಿ. 2017ರಲ್ಲಿ ಪೀಣ್ಯದಲ್ಲಿ ಐಫೋನ್ ಎಸ್‌ಇ ಜೋಡಿಸೋದು ಶುರುವಾಗಿದ್ದು ಡ್ಯೂಟಿ ಬಂದ ವರ್ಷವೇ. ಆಮೇಲೆ 2020ರಲ್ಲಿ ಪಿಎಲ್‌ಐ ಅನ್ನೋ ಪ್ರೋತ್ಸಾಹಧನ ಯೋಜನೆ ಬಂತು, ಬೇಸ್ ವರ್ಷಕ್ಕಿಂತ (ಹೋಲಿಕೆಗೆ ಇಟ್ಕೊಂಡ ವರ್ಷ) ಜಾಸ್ತಿ ಮಾರಿದ್ದಕ್ಕೆ 4ರಿಂದ 6% ಸರ್ಕಾರನೇ ತಯಾರಕರಿಗೆ ಕೊಡ್ತು. 2024-25ರಲ್ಲಿ ದೇಶದಿಂದ ಹೊರಗೆ ಹೋದ ಐಫೋನು 1.5 ಲಕ್ಷ ಕೋಟಿ ರೂಪಾಯಿದು ಅಂತ ಸಚಿವ ಅಶ್ವಿನಿ ವೈಷ್ಣವ್ ಹೇಳಿದ್ರು. ಮೊದಲು ನರಸಾಪುರದ ಫ್ಯಾಕ್ಟರಿ, ಈಗ ದೇವನಹಳ್ಳಿಯಲ್ಲಿ 300 ಎಕರೆಯ ಫಾಕ್ಸ್‌ಕಾನ್ ಐಫೋನ್ ಫ್ಯಾಕ್ಟರಿ. ನಾನು ಪಾಠ ಹೇಳಿದ ಹುಡುಗೀರು ಪಿಯುಸಿ ಮುಗಿಸಿ ಮೊದಲ ಸಂಬಳ ತಂದು ತೋರಿಸಿದ್ದಾರೆ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿದ ಮೇಲೆ ಈ ಕಡೆಯ ಮಕ್ಕಳು ನಸುಕಿಗೇ ಎದ್ದು ಬೆಂಗಳೂರು ರೈಲು ಹತ್ತಬೇಕಿತ್ತು, ಅದು ಗೊತ್ತಿದ್ದೋರಿಗೆ ಈ ಕೆಲಸದ ಬೆಲೆ ಗೊತ್ತು.

ಹಾಗಂತ ಎಲ್ಲಾ ಸರಿ ಇದೆ ಅಂತ ನಾನು ಹೇಳಲ್ಲ. 2020ರ ಡಿಸೆಂಬರ್‌ನಲ್ಲಿ ನರಸಾಪುರದಲ್ಲಿ ಐಫೋನ್ ಜೋಡಿಸ್ತಿದ್ದ ವಿಸ್ಟ್ರಾನ್ ಫ್ಯಾಕ್ಟರಿಯಲ್ಲಿ ಸಂಬಳದ ವಿಷಯಕ್ಕೆ ಗಲಾಟೆ ಆಗಿ ಗಾಜೆಲ್ಲ ಒಡೆದಿದ್ದು ಎಲ್ರಿಗೂ ನೆನಪಿದೆ, ಸರಿಯಾಗಿ ಸಂಬಳ ಕೊಟ್ಟಿರಲಿಲ್ಲ ಅನ್ನೋದನ್ನ ಆಮೇಲೆ ಕಂಪನಿನೂ ಒಪ್ಕೊಂತು. 2023ರಲ್ಲಿ ಅದನ್ನ ಟಾಟಾದವರು ತಗೊಂಡ್ರು. ಅದೇ ವರ್ಷ ನಮ್ಮ ವಿಧಾನಸಭೆ ದಿನಕ್ಕೆ 12 ಗಂಟೆ ತನಕ ಕೆಲಸ ಮಾಡಿಸಬಹುದು, ವಾರಕ್ಕೆ 48 ಮೀರಬಾರದು ಅಂತ ಫ್ಯಾಕ್ಟರಿ ಕಾಯ್ದೆ ತಿದ್ದಿತು. ಸರ್ಕಾರ ಡ್ಯೂಟಿ, ಪಿಎಲ್‌ಐ, ಕಾಯ್ದೆ ಎಲ್ಲಾ ಕೊಟ್ಟ ಮೇಲೆ ಆ ಮಕ್ಕಳಿಗೆ ಏನು ಕೊಡಬೇಕು ಅನ್ನೋದನ್ನೂ ಬರೆಸಿಕೊಳ್ಳಬೇಕಿತ್ತು. ಅಲ್ಲಿ ನಮ್ಮೋರು ಗಟ್ಟಿಯಾಗಿ ಕೂತು ಮಾತಾಡಿಲ್ಲ ಅಂತ ನನಗೆ ಸಿಟ್ಟಿದೆ.

ಕಾರ್ಗೋ_ಕೆಲಸಗಾರ:
ಮೇಷ್ಟ್ರೇ, ಶುರುವಿಗೆ ಡ್ಯೂಟಿ ಬೇಕಿತ್ತು ಅನ್ನೋದು ಒಪ್ತೀನಿ. ನನ್ನ ಪ್ರಶ್ನೆ ಈಗಿಂದು. ಒಂದೂವರೆ ಲಕ್ಷ ಕೋಟಿ ಎಕ್ಸ್‌ಪೋರ್ಟ್ ಮಾಡೋ ಫ್ಯಾಕ್ಟರಿಗೆ ಇನ್ನೂ ಬೇಲಿ ಯಾಕೆ? ಹೊರಗಿನ ಮಾರ್ಕೆಟಲ್ಲಿ ಯಾವ ಬೇಲಿನೂ ಇಲ್ದೆ ಮಾರ್ತಾರಲ್ಲ. ವರ್ಷಕ್ಕೆ ಎರಡ್ಮೂರು ಪರ್ಸೆಂಟ್ ಇಳಿಸ್ಕೊಂಡು ಬರ್ಲಿ, ಬಸ್ಸೂ ನಿಲ್ಲಲ್ಲ, ಮಂಜುಗೂ ಅಗ್ಗ ಆಗುತ್ತೆ.

ತೆರಿಗೆ_ಲೆಕ್ಕ_ತುಮಕೂರು:
ಮಂಜು ಒಂದು ಕೇಳೋದು ಮರೆತಿದ್ದೆ, ನಿಮ್ಮ ಸ್ಟುಡಿಯೋಗೆ ಜಿಎಸ್‌ಟಿ ರಿಜಿಸ್ಟ್ರೇಷನ್ ಇದ್ಯಾ? ಇದ್ದು, ಕಾಂಪೊಸಿಷನ್ (ಸಣ್ಣ ವ್ಯಾಪಾರಿಗಳ ಸರಳ ಸ್ಕೀಮು, ಅದರಲ್ಲಿ ಕ್ರೆಡಿಟ್ ಸಿಗಲ್ಲ) ಅಲ್ದೆ ರೆಗ್ಯುಲರ್ ಆಗಿದ್ರೆ ಭಾವನ ಕೈಲಿ ತರಿಸಲೇ ಬೇಡಿ. ಇಲ್ಲೇ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿ ಬಿಲ್ ತಗೊಳ್ಳಿ, ಕೆಲಸಕ್ಕೆ ಬಳಸೋ ಫೋನು, ಆ 20,578 ಇನ್‌ಪುಟ್ ಕ್ರೆಡಿಟ್ ಸಿಗುತ್ತೆ. ನಿಮ್ಮ ಗಿರಾಕಿಗಳಿಂದ ತಗೊಂಡು ಕಟ್ಟೋ ಜಿಎಸ್‌ಟಿಯಲ್ಲಿ ಅಷ್ಟು ಕಡಿಮೆ ಕಟ್ತೀರ. ನಿಮಗೆ ಬೀಳೋದು 1,14,322.

ಮಾಲೂರು_ಮಂಜು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಸಾರ್ ರಿಜಿಸ್ಟ್ರೇಷನ್ ಇದೆ, ರೆಗ್ಯುಲರೇ, ಕಾರ್ಪೊರೇಟ್ ಆರ್ಡರ್‌ಗೆ ಬೇಕಂತ ಹೋದ ವರ್ಷ ಮಾಡಿಸ್ದೆ, ಫೋನಿಗೂ ಹೀಗೆ ಬರುತ್ತೆ ಅಂತ ಗೊತ್ತಿರಲಿಲ್ಲ. ಇಲ್ಲೇ ತಗೊಳ್ತೀನಿ, ಭಾವಂಗೆ ಬೇಡ ಅಂತ ಮೆಸೇಜ್ ಹಾಕ್ದೆ.

ಒಂದೇ ಒಂದು ಕೇಳ್ಬೇಕು. ಇದನ್ನೆಲ್ಲ ನಮ್ಮ ಚಿಕ್ಕಪ್ಪನ ಮಗಳಿಗೆ ಓದಿ ಹೇಳ್ದೆ. ಅವಳು ಮಾಮೂಲಿ 17 ತಗೊಳ್ಳೋಕೆ ಒಂಬತ್ತು ತಿಂಗಳಿಂದ ಚೀಟಿ ಕಟ್ತಿದ್ದಾಳೆ. ನನಗೆ ವಾಪಸ್ ಬರೋ ಹಾಗೆ ಅವಳ 82,900ರಲ್ಲಿ ಇರೋ ಹನ್ನೆರಡೂವರೆ ಸಾವಿರ ಜಿಎಸ್‌ಟಿಗೆ ಏನಾದ್ರೂ ದಾರಿ ಇದ್ಯಾ?

ತೆರಿಗೆ_ಲೆಕ್ಕ_ತುಮಕೂರು:
ಇಲ್ಲ ಮಂಜು. ಸಂಬಳದೋರಿಗೆ ಕ್ರೆಡಿಟ್ ಇಲ್ಲ, ಕೊನೇಲಿ ಬಳಸೋರೇ ಪೂರ್ತಿ ಕಟ್ಟಬೇಕು. ಚೀಟಿ ಈ ಸಾಲಿನ ಐಫೋನ್ ಬಿಡುಗಡೆ ಹತ್ರ ಕೈಗೆ ಸಿಗೋ ಹಾಗಿದ್ರೆ ಸೆಪ್ಟೆಂಬರ್ ತನಕ ಕಾಯೋಕೆ ಹೇಳಿ, ಹೊಸ ಮಾಡೆಲ್ ಬಂದಾಗ ಹಿಂದಿನದಕ್ಕೆ ಸಾಮಾನ್ಯವಾಗಿ ರೇಟು ಇಳಿಸ್ತಾರೆ.