ಇಂಪೋರ್ಟೆಡ್ ಪ್ಲೈವುಡ್: ರೇಟ್ ಮೇಲೆ, ಮಾಲು ಕೆಳಗೆ. ನೀವೆಲ್ಲ ಏನು ಮಾಡುತ್ತಿದ್ದೀರಿ?

ಉಳಿಸುತ್ತಿಗೆ_ಶಿವಮೊಗ್ಗ

ನಮಸ್ಕಾರ ಎಲ್ಲರಿಗೂ. ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಕಿಚನ್, ವಾರ್ಡ್‌ರೋಬ್, ಟಿವಿ ಯೂನಿಟ್, ಇಂಥ ಕೆಲಸವೇ ಜಾಸ್ತಿ. ಕೆಲಸಕ್ಕೆ ಬರ ಇಲ್ಲ. ತಲೆನೋವೆಲ್ಲ ಮಾಲಿನದು.

ಗರ್ಜನ್ ಫೇಸ್ (ಗರ್ಜನ್ ಎಂಬ ಕೆಂಪು ಮರದ ಮೇಲ್ಪದರ ಇರುವ ಪ್ಲೈ) ಅಂದರೆ ಮೊದಲು ಕಣ್ಣು ಮುಚ್ಚಿ ತರುತ್ತಿದ್ದೆ. ಈಗಲೂ ಅದೇ ಅಂಗಡಿ, ಅದೇ ಹೆಸರು. ಆದರೆ 19 ಎಂಎಂ ಎಂದು ಕೊಟ್ಟ ಶೀಟಿಗೆ ಕ್ಯಾಲಿಪರ್ ಹಿಡಿದರೆ ಒಂದು ಮೂಲೆ 18, ಇನ್ನೊಂದು ಮೂಲೆ 17 ಚಿಲ್ಲರೆ. ಕತ್ತರಿಸಿದ ಮೇಲೆ ಒಳಗಿನ ಗ್ಯಾಪ್ ಕಾಣುತ್ತದೆ, ಹಿಂಜ್ ಸ್ಕ್ರೂ ಸರಿಯಾಗಿ ಅಲ್ಲಿಗೇ ಬಂದರೆ ಸುಮ್ನೆ ತಿರುಗುತ್ತಲೇ ಇರುತ್ತದೆ, ಹಿಡಿಯುವುದೇ ಇಲ್ಲ. ಮೇಲಿನ ವೆನೀರ್ (ಮರ ಸುಲಿದು ತೆಗೆದ ತೆಳು ಪದರ) ಅಂತೂ ಎಮರಿ ಪೇಪರ್ ನಾಲ್ಕು ಸಲ ಆಡಿಸಿದರೆ ಹೋಯಿತು. ಕೆಂಪು ಬಣ್ಣ ನೋಡಿ ಗರ್ಜನ್ ಎಂದುಕೊಂಡರೆ, ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಬಣ್ಣವೇ ಬಟ್ಟೆಗೆ ಬರುತ್ತದೆ.

ಡ್ರಾಯರ್ ಬಾಕ್ಸಿಗೆ ಬೆಂಗಳೂರಿನಿಂದ ಬಿರ್ಚ್ ಎಂಬ ಹೊರದೇಶದ ಮರದ ಪ್ಲೈ ತರಿಸುತ್ತೇನೆ. ಅಂಚು ಹಾಗೇ ಬಿಟ್ಟು ಪಾಲಿಶ್ ಕೊಟ್ಟರೆ ಚೆನ್ನಾಗಿ ಕಾಣುತ್ತದೆ ಅಂತ. ಅದರ ರೇಟ್ ಕೇಳಿದರೆ ಈಗ ಗಿರಾಕಿಗೆ ಹೇಳುವುದಕ್ಕೇ ನಾಚಿಕೆ. ಹೋದ ಸಲ ಬಂದ ಲಾಟ್‌ನಲ್ಲಿ ಮೇಲೆ ಕೆಳಗೆ ಮಾತ್ರ ಬಿರ್ಚ್, ಮಧ್ಯೆ ಯಾವುದೋ ಮೆತ್ತನೆ ಮರ.

ಇನ್ನೊಂದು ಕಷ್ಟ ಕೊಟೇಶನ್ನಿನದು. ಯುಗಾದಿ ಹೊತ್ತಿಗೆ ಕೆಲಸ ಒಪ್ಪಿಕೊಂಡಿರುತ್ತೇವೆ. ಮನೆಯವರ ಗಾರೆ, ಟೈಲ್ಸ್, ಪೇಂಟ್ ಮುಗಿದು ನಮಗೆ ಜಾಗ ಸಿಗುವಾಗ ಆರಿದ್ರಾ ಮಳೆ ಹಿಡಿದಿರುತ್ತದೆ. ಅಷ್ಟರಲ್ಲಿ ಚದರಡಿಗೆ ಹತ್ತು ರೂಪಾಯಿ ಏರಿದರೂ 8x4 ಅಡಿಯ ಒಂದು ಶೀಟಿಗೆ 320. ಇಪ್ಪತ್ತು ಶೀಟಿನ ಕೆಲಸಕ್ಕೆ 6400, ಅದರ ಮೇಲೆ ಜಿಎಸ್‌ಟಿ. ಇದು ಪೂರ್ತಿ ನಮ್ಮ ಕೂಲಿಯಲ್ಲೇ ಹೋಗುತ್ತದೆ.

ಯಾಕೆ ಹೀಗಾಗುತ್ತಿದೆ? ನೀವು ಮಾಲು ಹೇಗೆ ಆರಿಸುತ್ತೀರಿ, ರೇಟ್ ಹೇಗೆ ಮಾತಾಡುತ್ತೀರಿ?

ಪೀಲಿಂಗ್_ಮೆಷಿನ್

ನಾನು ಮಂಗಳೂರು ಕಡೆ ಪ್ಲೈವುಡ್ ಫ್ಯಾಕ್ಟರಿಯಲ್ಲಿ ಇದ್ದವನು, ಈಗ ಶಿವಮೊಗ್ಗದಲ್ಲೇ ಬೇರೆ ವ್ಯಾಪಾರ. ಸ್ವಲ್ಪ ಉದ್ದ ಆಗುತ್ತದೆ, ಓದಿಕೊಳ್ಳಿ.

ನಾವು ಇಂಪೋರ್ಟೆಡ್ ಎನ್ನುವ ಶೀಟ್‌ಗಳಲ್ಲಿ ಹೆಚ್ಚಿನವು ಇಲ್ಲೇ ತಯಾರಾದವು. ಹೊರಗಿನಿಂದ ಬರುವುದು ಮೇಲಿನ ಪದರ ಮಾತ್ರ. ಗರ್ಜನ್ ಬರುತ್ತಿದ್ದದ್ದು ಮುಖ್ಯವಾಗಿ ಬರ್ಮಾದಿಂದ. ದೊಡ್ಡ ದೊಡ್ಡ ದಿಮ್ಮಿಗಳು ಹಡಗಿನಲ್ಲಿ ಬಂದು ಇಳಿಯುತ್ತಿದ್ದವು, ಇಲ್ಲೇ ಸುಲಿದು ವೆನೀರ್ ಮಾಡುತ್ತಿದ್ದರು. 2014ರ ಏಪ್ರಿಲ್ 1ರಿಂದ ಬರ್ಮಾದವರು ದಿಮ್ಮಿ ರಫ್ತು ನಿಲ್ಲಿಸಿದರು. ಆಮೇಲೆ ನಮ್ಮ ಕಂಪನಿಗಳು ಲಾವೋಸ್, ಮಲೇಷ್ಯಾ, ಇಂಡೋನೇಷ್ಯಾ ಎಂದು ಹುಡುಕಿಕೊಂಡು ಹೋದವು, 2016ರಲ್ಲಿ ಲಾವೋಸ್ ಕೂಡ ಬಾಗಿಲು ಹಾಕಿತು. ಈಗ ತುಂಬ ಕಡೆ ಗರ್ಜನ್ ಜಾಗಕ್ಕೆ ಆಫ್ರಿಕಾದ ಓಕೂಮೆ ಬಂದಿದೆ. ಅದು ಗಬಾನ್ ದೇಶದ ಮರ. ಅವರೂ 2010ರಿಂದ ದಿಮ್ಮಿ ಕಳಿಸುವುದಿಲ್ಲ, ಅಲ್ಲೇ ಸುಲಿದು ವೆನೀರ್ ಮಾಡಿ ಕಳಿಸುತ್ತಾರೆ. ಓಕೂಮೆ ಕೆಟ್ಟ ಮರ ಅಲ್ಲ, ಆದರೆ ಹಗುರ, ಮೆತ್ತಗೆ, ಬಣ್ಣ ತಿಳಿ ಗುಲಾಬಿ. ನಮ್ಮ ಜನಕ್ಕೆ ಕೆಂಪು ಇದ್ದರೆ ಗಟ್ಟಿ ಎಂಬ ನಂಬಿಕೆ. ಅದಕ್ಕೇ ಬಣ್ಣ ಬಳಿಯುತ್ತಾರೆ. ನಿಮ್ಮ ಬಟ್ಟೆಗೆ ಬಂದದ್ದು ಅದೇ. (ಗರ್ಜನ್ ಕುಲದ ಮರ ನಮ್ಮ ಆಗುಂಬೆ ಕಾಡಿನಲ್ಲೂ ಇದೆ, ನೋಡಬಹುದು, ಅಷ್ಟೇ!)

ವೆನೀರ್ ದುಡ್ಡು ಡಾಲರ್‌ನಲ್ಲಿ ಹೋಗುತ್ತದೆ. ರೂಪಾಯಿ ಇಳಿದಾಗಲೆಲ್ಲ ವೆನೀರ್ ತುಟ್ಟಿ. ಅಂಟಿಗೆ ಬೇಕಾದ ಫೀನಾಲ್, ಮೆಥನಾಲ್ ಕೂಡ ಬಹಳಷ್ಟು ಹೊರಗಿನದೇ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಎಷ್ಟೋ ಹಡಗು ಆಫ್ರಿಕಾ ಸುತ್ತಿ ಬರುವ ಹಾಗಾಯಿತು, ಬಾಡಿಗೆ ಏರಿತು. ಇಷ್ಟೆಲ್ಲ ಏರಿದಾಗ ಫ್ಯಾಕ್ಟರಿಯವನು ಎರಡೇ ಕೆಲಸ ಮಾಡಬಹುದು. ರೇಟ್ ಏರಿಸಬೇಕು, ಇಲ್ಲವೇ ಪದರ ತೆಳ್ಳಗೆ ಮಾಡಬೇಕು. ಹೆಚ್ಚಿನವರು ಎರಡನ್ನೂ ಮಾಡಿದ್ದಾರೆ.

ಆದರೆ ಒಂದು ಮಾತು. ನೀವು ಹೇಳಿದ ಗ್ಯಾಪ್, ದಪ್ಪ ಕಡಿಮೆ, ಸ್ಕ್ರೂ ಹಿಡಿಯದಿರುವುದು ಇವೆಲ್ಲ ಇಂಪೋರ್ಟಿನ ತಪ್ಪಲ್ಲ. ಒಳಗಿನ ಕೋರ್ ಇಲ್ಲಿಯದೇ. ನೀಲಗಿರಿ, ಪಾಪ್ಲರ್, ಸಿಲ್ವರ್ ಓಕ್, ರಬ್ಬರ್, ಹೆಬ್ಬೇವು. ಕೋರ್ ತುಂಡುಗಳನ್ನು ಒಂದಕ್ಕೊಂದು ಸರಿಯಾಗಿ ಕೂಡಿಸದೆ ಇಟ್ಟರೆ ಗ್ಯಾಪ್. ವೆನೀರ್ ಪೂರ್ತಿ ಒಣಗಿಸದೆ ಪ್ರೆಸ್ಸಿಗೆ ಹಾಕಿದರೆ ಪದರ ಬಿಡುತ್ತದೆ. ಬರ್ಮಾದವರು ನಾಳೆಯೇ ದಿಮ್ಮಿ ಕಳಿಸಿದರೂ ಇದು ಸರಿಹೋಗುವುದಿಲ್ಲ. ಫೇಸ್ ಹೆಸರಲ್ಲಿ ದುಡ್ಡು ಕೊಟ್ಟು ಬರುತ್ತೇವೆ, ಕೋರ್ ಏನು ಅಂತ ಯಾರೂ ಕೇಳುವುದಿಲ್ಲ.

ಬಿರ್ಚ್ ವಿಷಯ ಬೇರೆ. ಅದು ನಿಜವಾಗಿಯೂ ಹೊರಗಿನ ಶೀಟ್. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನವರು ರಷ್ಯಾದ ಮರ ತರಿಸುವುದು ನಿಲ್ಲಿಸಿದರು. ಫಿನ್‌ಲ್ಯಾಂಡ್, ಲಾಟ್ವಿಯಾ ಮಾಲಿಗೆ ಎಲ್ಲರೂ ಮುಗಿಬಿದ್ದರು, ರೇಟ್ ಹಾರಿತು. ಅದೇ ಸಂದಿಯಲ್ಲಿ ಮೇಲೆ ಮಾತ್ರ ಬಿರ್ಚ್ ಇರುವ, ಒಳಗೆ ಪಾಪ್ಲರ್ ತುಂಬಿದ ಶೀಟ್‌ಗಳು ಓಡಾಡುತ್ತಿವೆ. ಅಂಚು ನೋಡಿ ಪದರ ಎಣಿಸಿ. ಅಸಲಿ ಬಾಲ್ಟಿಕ್ ಬಿರ್ಚ್ 18 ಎಂಎಂ ಆದರೆ 13 ಪದರ, ಎಲ್ಲ ಹೆಚ್ಚುಕಡಿಮೆ ಒಂದೇ ದಪ್ಪ, ಎಲ್ಲ ಬಿರ್ಚೇ. 5 ಅಡಿಗೆ 5 ಅಡಿ ಶೀಟ್ ಸಿಕ್ಕರೆ ಅಸಲಿ ಇರುವ ಸಾಧ್ಯತೆ ಜಾಸ್ತಿ, ಬಾಲ್ಟಿಕ್ ಕಡೆಯವರ ಹಳೆಯ ಅಳತೆ ಅದು.

ತೀರ್ಥಹಳ್ಳಿ_ಆಚಾರ್

ಮೇಲಿನವರು ಹೇಳಿದ್ದು ಸರಿ ಮಾರಾಯ್ರೆ. ನಾನು ಕೆಲಸದ ಮಾತು ಆಡುತ್ತೇನೆ.

ತೂಕ ನೋಡಿ ಮೊದಲು. 8x4ರ 19 ಎಂಎಂ ಒಳ್ಳೆ ಮರೈನ್ (ನೀರಿಗೆ ಜಗ್ಗದ) ಶೀಟ್ 35ರಿಂದ 40 ಕೆಜಿ ಆಸುಪಾಸು ಇರಬೇಕು. ಒಬ್ಬನೇ ಸಲೀಸಾಗಿ ಎತ್ತಿ ಹೆಗಲಿಗೆ ಹಾಕಿಕೊಂಡು ಹೋದರೆ ಅದು ಪಾಪ್ಲರ್. ಆಮೇಲೆ ಅಂಗಡಿಯವನ ಹತ್ತಿರ ಒಂದು ಮೂಲೆ ತುಂಡು ಕೇಳಿ. ಕೊಡಲ್ಲ ಅಂದರೆ ಅಲ್ಲೇ ಉತ್ತರ ಸಿಕ್ಕಿತು. ಕೊಟ್ಟರೆ ಮನೆಗೆ ತಂದು ಬೆಳಗಿಂದ ಸಂಜೆವರೆಗೆ ನೀರಲ್ಲಿ ಕುದಿಸಿ. ಐಎಸ್ 710 ಎಂಬ ಸರ್ಕಾರಿ ಗುಣಮಟ್ಟದ ಪ್ರಕಾರ ಮರೈನ್ ಪ್ಲೈ 72 ಗಂಟೆ ಕುದಿಸಿದರೂ ಪದರ ಬಿಡಬಾರದು, ನಿಮ್ಮ ಒಂದು ಹಗಲಿಗೇ ಬಾಯಿ ಬಿಟ್ಟರೆ ಅದು ಮರೈನ್ ಅಲ್ಲ. ಮನೆಯಾಕೆಯ ಒಳ್ಳೆ ಪಾತ್ರೆ ಮಾತ್ರ ತೆಗೆದುಕೊಳ್ಳಬೇಡಿ, ಅಂಟಿನ ವಾಸನೆ ಹೋಗಲ್ಲ.

ಶೀಟಿನ ಮೇಲೆ "710 ಗ್ರೇಡ್" ಎಂದು ಬರೆದದ್ದೆಲ್ಲ ಐಎಸ್‌ಐ ಮಾಲಲ್ಲ. ಮುದ್ರೆಯ ಕೆಳಗೆ ಸಿಎಂ/ಎಲ್ ಎಂದು ಲೈಸೆನ್ಸ್ ನಂಬರ್ ಇರಬೇಕು. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಆ ನಂಬರ್ ಹೊಡೆದರೆ ಯಾವ ಫ್ಯಾಕ್ಟರಿ, ಯಾವ ಮಾಲಿಗೆ ಲೈಸೆನ್ಸ್ ಎಂದು ಬರುತ್ತದೆ. 2025ರಿಂದ ಪ್ಲೈವುಡ್‌ಗೆ ಈ ಮುದ್ರೆ ಕಡ್ಡಾಯ ಮಾಡಿದ್ದಾರೆ, ಹೊರದೇಶದ ಫ್ಯಾಕ್ಟರಿಗೂ. ನೇಪಾಳ, ವಿಯೆಟ್ನಾಂ ಕಡೆಯ ಅಗ್ಗದ ಮಾಲಿಗೂ ಇದೇ ಕಾನೂನು. ಮುದ್ರೆ ಇದೆ ಎಂದ ಮೇಲೆ ಎಲ್ಲ ಚಿನ್ನ ಅಂತಲ್ಲ. ಮುದ್ರೆಯೇ ಇಲ್ಲದ್ದನ್ನು ಬಿಡುವುದಕ್ಕೆ ಇದು ಸಾಕು.

ಎಂಆರ್ ಪ್ಲೈ (ತೇವ ಮಾತ್ರ ಸ್ವಲ್ಪ ತಡೆಯುವುದು) ಅಂದರೆ ನೀರು ತಡೆಯುತ್ತದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದರಲ್ಲಿ ಇರುವುದು ಯೂರಿಯಾ ಅಂಟು. ದಾವಣಗೆರೆಯಲ್ಲಿ ಬೆಡ್‌ರೂಮ್ ವಾರ್ಡ್‌ರೋಬಿಗೆ ನಡೆಯುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಗೋಡೆಗೆ ಬೂಷ್ಟು ಬರುತ್ತದೆ, ಅಲ್ಲಿ ಎಂಆರ್ ಹಾಕಿ ಗಿರಾಕಿ ಹತ್ತಿರ ಬೈಸಿಕೊಳ್ಳುವುದು ಯಾಕೆ? ಕಿಚನ್‌ಗೆ, ಬಚ್ಚಲ ಗೋಡೆಗೆ ತಾಗಿದ ಕಪಾಟಿಗೆ ಬಿಡಬ್ಲ್ಯೂಪಿ (ಕುದಿನೀರಿಗೂ ಜಗ್ಗದ ಪ್ಲೈ) ಬಿಟ್ಟು ಬೇರೆ ಯೋಚನೆಯೇ ಬೇಡ. ಜಂಬಿಟ್ಟಿಗೆ ಗೋಡೆಯಾದರೆ ಶೀಟನ್ನು ಗೋಡೆಗೆ ಒತ್ತಿ ಕೂರಿಸಬೇಡಿ. ಪಟ್ಟಿ ಹೊಡೆದು ಸ್ವಲ್ಪ ಗಾಳಿ ಆಡುವ ಹಾಗೆ ಬಿಡಿ, ಹಿಂಭಾಗಕ್ಕೆ ಪ್ರೈಮರ್ ಕೊಡಿ. ಕತ್ತರಿಸಿದ ಅಂಚಿಗೂ ಸೀಲರ್. ನೀರು ನುಗ್ಗುವುದು ಅಂಚಿನಿಂದ, ಮುಖದಿಂದ ಅಲ್ಲ.

ಶಟರ್ (ಕಪಾಟಿನ ಬಾಗಿಲು) ಬಾಗುವುದಕ್ಕೆ ಎಲ್ಲರೂ ಪ್ಲೈಗೆ ಬೈಯುತ್ತಾರೆ. ಅರ್ಧ ತಪ್ಪು ನಮ್ಮವರದು. ಹೊರಗೆ 1 ಎಂಎಂ ಮೈಕಾ ಹಚ್ಚಿ ಒಳಗೆ ಬರೀ ಪೇಂಟ್ ಹೊಡೆದರೆ ಬಾಗದೆ ಏನು ಮಾಡುತ್ತದೆ? ಎರಡೂ ಕಡೆ ಮೈಕಾ ಹಾಕಿ. ಏಳಡಿ ಶಟರ್‌ಗೆ ನಾನು ಪ್ಲೈ ಬಿಟ್ಟು ಪೈನ್ ಕೋರ್ ಬ್ಲಾಕ್‌ಬೋರ್ಡ್ (ಒಳಗೆ ಪೈನ್ ಮರದ ಪಟ್ಟಿ ಜೋಡಿಸಿದ ಶೀಟ್) ಹಾಕುತ್ತೇನೆ, ನೆಟ್ಟಗೆ ನಿಲ್ಲುತ್ತದೆ.

ಕೊಪ್ಪ_ತೋಟದಮನೆ

ನಾನು ಬಡಗಿ ಅಲ್ಲ, ಕಾಫಿ ಬೆಳೆಗಾರ. ಆದರೂ ಇದು ಓದಿ ಸುಮ್ಮನಿರಲು ಆಗಲಿಲ್ಲ. ನಿಮ್ಮ ಶೀಟಿನೊಳಗೆ ಇರುವ ಸಿಲ್ವರ್ ಓಕ್ ನಮ್ಮ ತೋಟದ್ದೇ ಇರಬಹುದು ಕಣ್ರಿ. ನೆರಳಿಗೆ ಮತ್ತು ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟ ಮರ. ವ್ಯಾಪಾರಿ ಬಂದು ಟನ್ ಲೆಕ್ಕದಲ್ಲಿ ಕೊಂಡು ಲಾರಿ ತುಂಬಿಸಿಕೊಂಡು ಘಟ್ಟ ಇಳಿಯುತ್ತಾನೆ, ಮಂಗಳೂರಿಗೋ ಕೇರಳದ ಪೆರುಂಬಾವೂರಿಗೋ. ಅದೇ ಮರ ಮೇಲೆ ಆಫ್ರಿಕಾದ ಅಂಗಿ ಹಾಕಿಕೊಂಡು ವಾಪಸ್ ಘಟ್ಟ ಹತ್ತುತ್ತದೆ. ನನ್ನ ಮಗಳ ಮನೆಗೆ ಇಂಥದ್ದೇ ಶೀಟ್ ಕೊಂಡಾಗ ಬಿಲ್ ನೋಡಿ ನಗು ಬಂತು.

ಸಿಲ್ವರ್ ಓಕ್ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಡ. ಹಲಗೆ ಕೊಯ್ಸಿ, ಚೆನ್ನಾಗಿ ಒಣಗಿಸಿ, ಔಷಧಿ ಹಚ್ಚಿ ಕಪಾಟಿನ ಚೌಕಟ್ಟಿಗೆ ಬಳಸುವವರು ನಮ್ಮಲ್ಲಿ ಇದ್ದಾರೆ. ಪೂರ್ತಿ ಕಿಚನ್ ಮಾಡಿ ಅನ್ನುತ್ತಿಲ್ಲ. ಚೌಕಟ್ಟು ಮರದ್ದು ಮಾಡಿ, ಪ್ಯಾನಲ್ ಮಾತ್ರ ಪ್ಲೈ ಹಾಕಿದರೆ ಶೀಟ್ ಕಡಿಮೆ ಸಾಕಲ್ವಾ?

ಉಳಿಸುತ್ತಿಗೆ_ಶಿವಮೊಗ್ಗ

@ಕೊಪ್ಪ_ತೋಟದಮನೆ ಸಾಕು ಸಾರ್, ಆದರೆ ಕೂಲಿ ಜಾಸ್ತಿ ಬೀಳುತ್ತದೆ. ಹಲಗೆ ಒಣಗುವ ತನಕ ಕಾಯುವ ಗಿರಾಕಿಯೂ ಬೇಕು. ಹಳೆ ಮನೆಯವರು ಒಪ್ಪುತ್ತಾರೆ, ಹೊಸ ಲೇಔಟ್‌ನವರಿಗೆ ಗೃಹಪ್ರವೇಶದ ಡೇಟ್ ಆಗಿರುತ್ತದೆ.

ಮನೆ_ಕಟ್ಟಿ_ಸುಸ್ತು

ಗಿರಾಕಿ ಕಡೆಯಿಂದ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನೀವೆಲ್ಲ ಫ್ಯಾಕ್ಟರಿ, ಡಾಲರ್, ಬರ್ಮಾ ಅನ್ನುತ್ತಿದ್ದೀರಿ. ಅಂಗಡಿಯವರು ಬಡಗಿಗೆ ಕೊಡುವ ಕಮಿಷನ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ನಮ್ಮ ಮನೆಗೆ ಬಂದಿದ್ದವರು ಇಂಥದ್ದೇ ಕಂಪನಿ, ಇಂಥದ್ದೇ ಅಂಗಡಿ ಎಂದು ಹಟ ಹಿಡಿದರು. ಮಳೆಗಾಲ ಕಳೆಯುವ ಮೊದಲೇ ಸಿಂಕ್ ಕೆಳಗಿನ ಶೀಟ್ ಉಬ್ಬಿತು. ಅದೇ ಶೀಟ್ ಬೇರೆ ಅಂಗಡಿಯಲ್ಲಿ ಕಡಿಮೆಗೆ ಇತ್ತು ಎಂದು ಆಮೇಲೆ ಗೊತ್ತಾಯಿತು. ಹೀಗಿರುವಾಗ ರೇಟ್ ಏರಿದೆ ಎಂದು ನೀವು ಹೇಳಿದರೆ ನಾವು ನಂಬುವುದು ಹೇಗೆ?

ತೀರ್ಥಹಳ್ಳಿ_ಆಚಾರ್

ಬೇಜಾರಿಲ್ಲ, ಇರುವ ಮಾತೇ. ಕಮಿಷನ್ ಇದೆ, ಎಲ್ಲ ಊರಲ್ಲೂ ಇದೆ. ಹೆಚ್ಚು ಕಮಿಷನ್ ಕೊಡುವುದು ಹೆಸರಿಲ್ಲದ ಮಾಲಿಗೆ, ಯಾಕೆಂದರೆ ಅದರಲ್ಲೇ ಲಾಭ ಜಾಸ್ತಿ. ನಾನು ಮೆಟೀರಿಯಲ್ ಗಿರಾಕಿಯೇ ಕೊಡಿಸಲಿ ಎನ್ನುತ್ತೇನೆ. ಅಂಗಡಿಗೆ ಜೊತೆಗೆ ಹೋಗುತ್ತೇನೆ, ಶೀಟ್ ಆರಿಸಿ ಕೊಡುತ್ತೇನೆ, ಬಿಲ್ ಅವರ ಹೆಸರಿಗೇ. ನನ್ನ ಕೂಲಿ ಚದರಡಿಗೆ ಇಷ್ಟು ಎಂದು ಮೊದಲೇ ಹೇಳಿರುತ್ತೇನೆ, ಅದರಲ್ಲಿ ಕಮಿಷನ್ ಬಿಟ್ಟದ್ದೂ ಸೇರಿದೆ. ಕೂಲಿ ಜಾಸ್ತಿ ಎಂದು ಕೆಲವರು ಓಡಿ ಹೋಗುತ್ತಾರೆ. ಹೋಗಲಿ.

ಪೀಲಿಂಗ್_ಮೆಷಿನ್

ಇದಕ್ಕೆ ಒಂದು ಸೇರಿಸುತ್ತೇನೆ. ಬಿಲ್‌ನಲ್ಲಿ "ಪ್ಲೈವುಡ್ 19 ಎಂಎಂ" ಎಂದಷ್ಟೇ ಬರೆಸಿಕೊಂಡರೆ ನಾಳೆ ಕೇಳಲು ಏನೂ ಉಳಿಯಲ್ಲ. ಕಂಪನಿ, ಐಎಸ್ 710, ದಪ್ಪ ಎಲ್ಲ ಬರೆಸಿ. ಬಿಲ್ ಇಲ್ಲದೆ ಕೊಂಡರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯಿತು ಎಂದು ಖುಷಿಪಡುವವರು ಬಹಳ. ಶೀಟ್ ಬಾಯಿ ಬಿಟ್ಟ ದಿನ ವಾರಂಟಿಗೆ ಬಿಲ್ ಕೇಳುತ್ತಾರಲ್ಲ, ಆಗ?

ಉಳಿಸುತ್ತಿಗೆ_ಶಿವಮೊಗ್ಗ

ಎಲ್ಲರಿಗೂ ಥ್ಯಾಂಕ್ಸ್. @ಮನೆ_ಕಟ್ಟಿ_ಸುಸ್ತು ನಿಮ್ಮ ಮಾತು ಖಾರವಾಗಿದ್ದರೂ ನಿಜ.

ಕೊಟೇಶನ್ ವಿಷಯಕ್ಕೆ ನಾನು ಹೀಗೆ ಮಾಡೋಣ ಅಂತಿದ್ದೇನೆ. ಕೂಲಿ ಬೇರೆ, ಮೆಟೀರಿಯಲ್ ಬೇರೆ ಬರೆಯುತ್ತೇನೆ. ಮೆಟೀರಿಯಲ್ ರೇಟ್ ಹದಿನೈದು ದಿನಕ್ಕೆ ಮಾತ್ರ ಎಂದು ಕೆಳಗೆ ಹಾಕುತ್ತೇನೆ. ಅಡ್ವಾನ್ಸ್ ಬಂದ ವಾರವೇ ಶೀಟ್ ತಂದು ನಮ್ಮ ಶೆಡ್‌ನಲ್ಲಿ ಅಡಿಪಟ್ಟಿ ಕೊಟ್ಟು ಮಟ್ಟಸವಾಗಿ ಮಲಗಿಸಿ ಇಟ್ಟರಾಯಿತು. ದುಡ್ಡು ಸಿಕ್ಕಿಬೀಳುವುದು ಗಿರಾಕಿಯದು, ಜಾಗ ನನ್ನದು, ರೇಟ್ ಏರಿದರೆ ಇಬ್ಬರಿಗೂ ತಲೆಬಿಸಿ ಇಲ್ಲ. ಡ್ರಾಯರ್‌ಗೆ ಬಿರ್ಚ್ ಸದ್ಯಕ್ಕೆ ಬಿಡುತ್ತೇನೆ, ಕೇಳಿದವರಿಗೆ ಮಾತ್ರ.

@ತೀರ್ಥಹಳ್ಳಿ_ಆಚಾರ್ ಆ ಪೈನ್ ಕೋರ್ ಬ್ಲಾಕ್‌ಬೋರ್ಡ್ ನೀವು ಎಲ್ಲಿಂದ ತರಿಸುತ್ತೀರಿ? ನಮ್ಮ ಕಡೆ ಕೇಳಿದರೆ ಎಲ್ಲ ಆರ್ಡರ್ ಮೇಲೆ ಅನ್ನುತ್ತಾರೆ, ಬಂದದ್ದು ಪೈನ್ ಹೌದೋ ಅಲ್ಲವೋ ಎಂದು ತುದಿ ಕೊಯ್ಯದೆ ಗೊತ್ತಾಗಲ್ಲ. ಸಾಗರ ರೋಡ್ ಕಡೆ ಯಾರಾದರೂ ಸ್ಟಾಕ್ ಇಟ್ಟಿದ್ದರೆ ಇನ್‌ಬಾಕ್ಸ್ ಮಾಡಿ, ಮುಂದಿನ ವಾರ ಹತ್ತು ಶೀಟ್ ಬೇಕು.